ಪಕ್ಕದ ಕುರ್ಚಿಯವರು

ಅಕ್ಕಿಪೇಟೆಯ ಸಗಟು ಮಳಿಗೆಗಳಿಂದ ತುಸು ದೂರ ನಡೆದರೆ ಮೆಜೆಸ್ಟಿಕ್. ಆ ಪ್ರದೇಶಕ್ಕೆ ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ, ಕಪಾಲಿಯೂ ಇಲ್ಲ. ಮೂಟೆ ಹೊರುವವನಿಗೂ ಸಾಹುಕಾರನಿಗೂ ಅಲ್ಲಿದ್ದುದು ಒಂದೇ ಪರದೆ. ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ಅಂತರವಿತ್ತು, ನಿಜ. ಆದರೆ ಪಕ್ಕ ಕೂರುವವನ ಜಾತಿ, ಧರ್ಮವನ್ನು ಯಾರೂ ಕೇಳುತ್ತಿರಲಿಲ್ಲ. ಮೊಬೈಲಿನಲ್ಲಿ ಒಬ್ಬೊಬ್ಬರೇ ಸಿನಿಮಾ ನೋಡುವ ಈ ಕಾಲದಲ್ಲಿ ನಾವು ಕಳೆದುಕೊಂಡದ್ದು ಅದನ್ನೇ ಎಂದು ಹಲವರು ಮರುಗುತ್ತಾರೆ.

ಗಿರೀಶ್ ಕಾಸರವಳ್ಳಿಯವರ ಚಿತ್ರಗಳು ಈ ಮರುಕವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ವೈದೇಹಿಯವರ ಕಥೆಯನ್ನಾಧರಿಸಿದ ‘ಗುಲಾಬಿ ಟಾಕೀಸ್’ (2008) ನೆನಪಿಸಿಕೊಳ್ಳಿ. ಗುಲಾಬಿ ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ. ಹೆರಿಗೆ ಮಾಡಿಸಿದ್ದಕ್ಕೆ ಸಿಕ್ಕ ಟಿ.ವಿ.ಯಿಂದ ಅವಳ ಮನೆಯೇ ಟಾಕೀಸಾಗುತ್ತದೆ. ನೆರೆಯ ಹೆಂಗಸರು ಬಂದು ಕೂರುತ್ತಾರೆ, ಸುಖದುಃಖ ಹೇಳಿಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧದ ದಿನಗಳಲ್ಲಿ ದ್ವೇಷ ಹಬ್ಬಿದಾಗ ಅದೇ ಊರಿನಿಂದ ಅವಳನ್ನು ಹೊರಹಾಕಲಾಗುತ್ತದೆ.

ಒಟ್ಟಿಗೆ ಕುಳಿತು ನೋಡಿದ ಮಾತ್ರಕ್ಕೆ ನಾವು ಪರಸ್ಪರ ನೆರೆಯವರಾಗುವುದಿಲ್ಲ ಎಂದಾಯಿತು. ಹಾಗಾದರೆ ಚಿತ್ರಮಂದಿರ ಏಕೆ ಬೇಕು?

ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’ (1977)ದಲ್ಲೂ ಗರ್ಭಿಣಿ ವಿಧವೆಯೊಬ್ಬಳು ಬಹಿಷ್ಕೃತಳಾಗುತ್ತಾಳೆ. ಅದನ್ನು ಕಣ್ಣಾರೆ ಕಂಡವನು ಪುಟ್ಟ ಬಾಲಕ ನಾಣಿ. ತಡೆಯುವ ಶಕ್ತಿ ಅವನಿಗಿಲ್ಲ. ಆದರೂ ಅವನ ನೋಟ ನಮ್ಮನ್ನು ಸುಮ್ಮನಿರಗೊಡುವುದಿಲ್ಲ. 2024ರಲ್ಲಿ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಾಗ ದೂರದೇಶದವರೂ ಆ ನೋಟಕ್ಕೆ ಎದುರಾದರು.

ಮೊಬೈಲಿನಲ್ಲಿ ಅಂಥ ದೃಶ್ಯ ಬಂದರೆ ಬೆರಳಿಂದ ಸರಿಸಿಬಿಡಬಹುದು. ಚಿತ್ರಮಂದಿರದಲ್ಲಿ ಕೊನೆಯವರೆಗೆ ಕೂರಬೇಕು, ಅದೂ ಗುಲಾಬಿಯಂಥವಳೊಬ್ಬಳು ಪಕ್ಕದ ಕುರ್ಚಿಯಲ್ಲಿರುವಾಗ. ಕಟ್ಟಡಗಳನ್ನು ಸರಕಾರ, ಉದ್ಯಮ ಉಳಿಸಿಯಾವು. ದೀಪ ಹತ್ತಿದ ಮೇಲೆ ಆಕೆಯೊಡನೆ ಹೇಗೆ ಬಾಳುತ್ತೇವೆ ಎಂಬುದು ಮಾತ್ರ ನಮಗೇ ಬಿಟ್ಟದ್ದು.