ಕೊಂಬೆಗೆ ಕೈ ಚಾಚುವ ಮುನ್ನ



ಪೂಜೆಯ ಹೆಸರಿನಲ್ಲಿ ಕಿತ್ತದ್ದೆಲ್ಲ ಪುಣ್ಯವೇ? ಗಿಡಮರಗಳಲ್ಲಿಯೂ ಜೀವವನ್ನು ಕಾಣುವ ನಮಗೆ ಈ ಪ್ರಶ್ನೆ ಸಣ್ಣದಲ್ಲ. ನಾನು ಹೆಚ್ಚು ಓದಿದವನಲ್ಲ. ಅಂಗಡಿಯಲ್ಲಿ ಕುಳಿತು ಕಂಡದ್ದನ್ನು, ಬಸದಿಯಲ್ಲಿ ಕೇಳಿದ್ದನ್ನು ಸೇರಿಸಿ ನಾಲ್ಕು ಮಾತು ನಿವೇದಿಸುತ್ತೇನೆ.

ಭಾದ್ರಪದದ ಚೌತಿ ಸಮೀಪಿಸಿದೊಡನೆ ನಮ್ಮ ಸಾವರ್ಡೆ, ಕುಡಚಡೆಗಳ ಪೇಟೆಗೆ ಕಾಡೇ ಇಳಿದು ಬರುತ್ತದೆ. ಗೋವೆಯ ಹಿಂದೂ ಮನೆಗಳಲ್ಲಿ ಗಣಪತಿ ಮೂರ್ತಿಯ ಮೇಲ್ಗಡೆ ಮರದ ಚೌಕಟ್ಟನ್ನು ತೂಗುಹಾಕಿ, ಅದಕ್ಕೆ ತೆಂಗು, ಅಡಕೆಗಳೊಡನೆ ಕಾಡಿನ ಕಾಯಿ, ಹೂ, ಎಲೆಗಳನ್ನು ಕಟ್ಟುತ್ತಾರೆ. ಇದಕ್ಕೆ ಮಾಟೋಳಿ ಎಂದು ಹೆಸರು. ಕಾಂಗಲಾದ ಗೊಂಚಲು, ಕೆಂಪು ಕವಂಡಾಳ, ಒಣಗಿದರೆ ಗೆಜ್ಜೆಯಂತೆ ನುಡಿಯುವ ಘಾಗ್ರಿ ಇವೆಲ್ಲ ಎಲ್ಲಿ ಬೆಳೆಯುತ್ತವೆ, ಎಂದು ಬಲಿಯುತ್ತವೆ ಎಂಬುದನ್ನು ತಲೆಮಾರುಗಳಿಂದ ಬಲ್ಲವರು ಗಾವಡೆ, ಕುಣಬಿ, ವೇಳಿಪ ಸಮುದಾಯದವರು. 2003ರಲ್ಲಿ ಈ ಮೂರೂ ಸಮುದಾಯಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಅವರ ಅರಣ್ಯಜ್ಞಾನವೇ ವರ್ಷಕ್ಕೊಮ್ಮೆ ಕಲೆಯಾಗಿ ಮನೆಮನೆಯ ಮಾಡಿನಡಿ ತೂಗುತ್ತದೆ.

ರಾಜ್ಯದ ಕಲಾ ಮತ್ತು ಸಂಸ್ಕೃತಿ ನಿರ್ದೇಶನಾಲಯವು ಮಾಟೋಳಿ ಸ್ಪರ್ಧೆಯನ್ನೂ ನಡೆಸುತ್ತದೆ. ನೂರಾರು ಬಗೆಯ ವಸ್ತುಗಳನ್ನು ಕಟ್ಟುವವರೂ ಇದ್ದಾರೆ. ಮರೆತುಹೋದ ಗಿಡದ ಹೆಸರು ಮಕ್ಕಳ ಬಾಯಿಗೆ ಬರುವುದು ಲಾಭ; ಸಂಖ್ಯೆಯ ಆಸೆಗೆ ವಿರಳವಾದ ಬಳ್ಳಿಯನ್ನೇ ಕೀಳುವಂತಾದರೆ ನಷ್ಟ.

ಒಂದು ವರ್ಷ ನೆರೆಮನೆಯ ಮಾಟೋಳಿಗೆ ಕಾಣಿಕೆ ಕೊಡಬೇಕೆಂದು ರಸ್ತೆಬದಿಯ ವೃದ್ಧೆಯೊಬ್ಬರಲ್ಲಿ ಕಾಂಗಲಾ ಕೊಂಡೆ. ಬುಟ್ಟಿ ಬರಿದಾಯಿತು. "ಮಾಯ್, ನಾಳೆ ಇನ್ನೆರಡು ಬುಟ್ಟಿ ತನ್ನಿ, ಇಮ್ಮಡಿ ಹಣ ಕೊಡುತ್ತೇನೆ" ಎಂದೆ. ಅವರು ನಕ್ಕು, "ಬಳ್ಳಿಯಲ್ಲಿ ಉಳಿದದ್ದು ಬೀಜಕ್ಕೆ, ಹಕ್ಕಿಗೆ. ಬರುವ ವರ್ಷವೂ ಚೌತಿ ಇದೆಯಲ್ಲ, ಶೇಟ್?" ಎಂದರು. ಹಣದ ಅಗತ್ಯ ಅವರಿಗೆ ನನಗಿಂತ ಹೆಚ್ಚಿತ್ತು. ನಾನು ಮಾತಿಲ್ಲದೆ ಅಂಗಡಿಗೆ ಮರಳಿದೆ.

ಆಗ ನೆನಪಾದುದು ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲಿರುವ ಷಡ್‌ಲೇಶ್ಯೆಯ ಚಿತ್ರ. ಒಂದು ಮರ, ಹಸಿದ ಆರು ಮಂದಿ. ಒಬ್ಬನಿಗೆ ಹಣ್ಣಿಗಾಗಿ ಮರವನ್ನು ಬುಡಸಹಿತ ಕೀಳುವ ಮನಸ್ಸು. ಎರಡನೆಯವನಿಗೆ ಕಾಂಡ, ಮೂರನೆಯವನಿಗೆ ಹೆಗ್ಗೊಂಬೆ, ನಾಲ್ಕನೆಯವನಿಗೆ ರೆಂಬೆ ಕಡಿಯುವ ಮನಸ್ಸು. ಐದನೆಯವನು ಹಣ್ಣನ್ನಷ್ಟೇ ಕೊಯ್ಯುವನು. ಆರನೆಯವನು ನೆಲಕ್ಕೆ ಬಿದ್ದುದನ್ನು ಆಯ್ದು ತೃಪ್ತನಾಗುವನು. ಹಸಿವು ಎಲ್ಲರದೂ ಒಂದೇ. ಕೃಷ್ಣದಿಂದ ಶುಕ್ಲದವರೆಗೆ ಭಾವದ ಬಣ್ಣ ಮಾತ್ರ ಬೇರೆ. ಅಕ್ಷರ ಬಾರದವನಿಗೂ, ಯಾವ ಭಾಷೆಯವನಿಗೂ ಈ ಚಿತ್ರ ತಿಳಿಯುತ್ತದೆ.

ಲೇಶ್ಯೆಯೆಂಬ ಪದವನ್ನು ಆ ತಾಯಿ ಕೇಳಿದ್ದರೋ ಇಲ್ಲವೋ, ಆದರೆ ಅವರು ಹಣ್ಣಿನಾಚೆಗೆ ಕೈ ಚಾಚಲಿಲ್ಲ. ಪದವನ್ನು ಬಲ್ಲ ನಾನು ಇಮ್ಮಡಿ ಹಣದಿಂದ ಅವರ ಕೈಯನ್ನು ರೆಂಬೆಗೆ ಎಳೆಯಲು ಹೋಗಿದ್ದೆ. ಕೊಡಲಿ ಹಿಡಿದವನೊಬ್ಬನೇ ಕಡಿಯುವವನಲ್ಲ; ಬೇಡಿಕೆ ಇಟ್ಟವನೂ ಕಡಿಯುವವನೇ. ವ್ಯಾಪಾರಿಗಳಾದ ನಾವು ಇದನ್ನು ಮರೆಯಲಾಗದು.

ಕಾಡನ್ನು ಬಲ್ಲವರ ಕಲೆ ಏನನ್ನು ತರಬೇಕೆಂಬುದರ ಜೊತೆಗೆ ಏನನ್ನು ಬಿಟ್ಟುಬರಬೇಕೆಂಬುದನ್ನೂ ಕಲಿಸುತ್ತದೆ. ನಮ್ಮ ಉತ್ಸವದ ಮಂಟಪಕ್ಕೂ ಬಾಳೆಯ ಗಿಡಗಳನ್ನು ಬುಡಕ್ಕೆ ಕಡಿದು ತರುತ್ತೇವೆ. ಬರುವ ವರ್ಷ ಕುಂಡದ ಗಿಡಗಳಿಂದ ಮಂಟಪವನ್ನು ಸಿಂಗರಿಸಿ, ಉತ್ಸವದ ತರುವಾಯ ಅವನ್ನು ಮನೆಗಳ ಅಂಗಳದಲ್ಲಿ ನೆಡೋಣವೇ? ಟ್ರಸ್ಟಿನ ಸದಸ್ಯರೂ ಶ್ರಾವಕ-ಶ್ರಾವಿಕೆಯರೂ ವಿಚಾರ ಮಾಡಬೇಕೆಂದು ವಿನಂತಿಸುತ್ತೇನೆ.

ಜೈ ಜಿನೇಂದ್ರ.