ಬಿಡುವುದು ಬೇರೆ, ಎಸೆಯುವುದು ಬೇರೆ

 

ಮಹಾನವಮಿ ಹತ್ತಿರ ಬಂತು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಇದು ಇಡೀ ಮನೆಯೇ ಅಂಗಳಕ್ಕೆ ಬರುವ ಕಾಲ. ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ, ಗೋಡೆಗೆ ಸುಣ್ಣ ಬೀಳುತ್ತದೆ, ಕೌದಿಗಳ ಗಂಟು ಹೊಳೆಗೋ ಹಳ್ಳಕ್ಕೋ ಹೋಗುತ್ತದೆ. ಘಟ ಹಾಕುವ ಮನೆಯವರೂ, ವಿಜಯದಶಮಿಯನ್ನು 1956ರ ನಾಗಪುರದ ಧಮ್ಮದೀಕ್ಷೆಯ ನೆನಪಿನ ದಿನವೆಂದು ಆಚರಿಸುವ ನಾವೂ ಈ ಕೆಲಸದಲ್ಲಿ ಒಂದೇ. ಕಾರಣ ಸರಳ. ಶ್ರಾವಣ, ಭಾದ್ರಪದದ ಥಂಡಿ ಗೋಡೆಯಲ್ಲಿ, ಹಾಸಿಗೆಯಲ್ಲಿ, ಮಡಿಚಿಟ್ಟ ಬಟ್ಟೆಯಲ್ಲಿ ಹೊಕ್ಕು ಕೂತಿರುತ್ತದೆ. ನಮ್ಮದು ಒಣ ಸೀಮೆ ಎನ್ನುತ್ತೇವೆ ನಿಜ; ಆದರೆ ಹೊಳೆದಂಡೆಯ ಮನೆಗಳಲ್ಲಿ ಆ ಎರಡು ತಿಂಗಳು ಡಬ್ಬಿಯೊಳಗಿನ ಉಪ್ಪೂ ನೀರೊಡೆಯುತ್ತದೆ.

ಇತ್ತೀಚೆಗೆ ಈ ಹೊತ್ತಿಗೆ ಸರಿಯಾಗಿ ಫೋನಿಗೆ ಒಂದು ಉಪದೇಶವೂ ಬರುತ್ತಿದೆ. ಒಂದು ವರ್ಷ ಮುಟ್ಟದೆ ಇದ್ದ ವಸ್ತುವನ್ನು ಹೊರಗೆ ಹಾಕಿರಿ, ಮನೆ ಖಾಲಿಯಾದಷ್ಟೂ ಮನಸ್ಸು ಹಗುರ ಎಂದು. ಕೆಳಗೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಚಿತ್ರ. ಬುದ್ಧ ಹೇಳಿದ ತ್ಯಾಗ ಇದೇ ಎಂದು ಓದುವವರಿಗೆ ಅನ್ನಿಸಬೇಕು, ಹಾಗಿರುತ್ತದೆ ಜೋಡಣೆ. ಒಪ್ಪುವ ಮೊದಲು ಸ್ವಲ್ಪ ನಿಂತು ಕೇಳಿಕೊಳ್ಳೋಣ. ಎಸೆಯುವುದೂ ಬಿಡುವುದೂ ಒಂದೇ ಏನು?

ಮೊದಲು ಭಿಕ್ಖುಗಳು ಕೋಣೆಯನ್ನು ಹೇಗೆ ಸ್ವಚ್ಛ ಮಾಡುತ್ತಿದ್ದರು ನೋಡೋಣ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಅದರ ಕ್ರಮವೇ ಇದೆ. ಮೊದಲು ಪಾತ್ರೆ, ಚೀವರಗಳನ್ನು ಹೊರಗೆ ತಂದು ಒಂದು ಕಡೆ ಇಡಬೇಕು. ಆಮೇಲೆ ಹಾಸಿಗೆ, ದಿಂಬು. ಮಂಚವನ್ನು ತಗ್ಗಿಸಿ, ನೆಲಕ್ಕೆ ತಿಕ್ಕದಂತೆ, ಬಾಗಿಲಿಗೆ ಬಡಿಯದಂತೆ ತರಬೇಕು. ನೆಲದ ಹಾಸನ್ನು ಅದು ಹಾಸಿದ್ದ ರೀತಿಯನ್ನು ಗಮನಿಸಿಕೊಂಡೇ ಎತ್ತಬೇಕು. ಜೇಡನ ಬಲೆಯನ್ನು ಮೇಲಿನಿಂದ ತೆಗೆಯುತ್ತ ಬರಬೇಕು. ಗೋಡೆಯ ಮೇಲೆ ಕಲೆ, ಬೂಷ್ಟು ಇದ್ದರೆ ಬಟ್ಟೆ ಒದ್ದೆ ಮಾಡಿ, ಹಿಂಡಿ, ಒರೆಸಬೇಕು. ನೆಲಕ್ಕೆ ನೀರು ಚಿಮುಕಿಸಿ ಗುಡಿಸಬೇಕು, ಧೂಳು ಏಳಬಾರದು. ಹಾಸಿಗೆ ಕೊಡವುವಾಗ ಇತರರ ಹತ್ತಿರ, ಕುಡಿಯುವ ನೀರಿನ ಹತ್ತಿರ, ಗಾಳಿಗೆ ಎದುರಾಗಿ ಕೊಡವಬಾರದು. ಹೊರಗೆ ತಂದದ್ದನ್ನೆಲ್ಲ ಬಿಸಿಲಿಗೆ ಹಾಕಿ, ಶುಚಿ ಮಾಡಿ, ಇದ್ದಲ್ಲೇ ಮರಳಿ ಇಡಬೇಕು. ಚಳಿಗಾಲದಲ್ಲಿ ಕಿಟಕಿಯನ್ನು ಹಗಲು ತೆರೆದು ರಾತ್ರಿ ಮುಚ್ಚಬೇಕು, ಬೇಸಿಗೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯಬೇಕು.

ಮನೆ ಬಿಟ್ಟು ಬಂದವರಿಗೆ ಹೇಳಿದ ಮಾತುಗಳು ಇವು. ಎಲ್ಲವನ್ನೂ ತ್ಯಜಿಸಿದವರಿಗೆ ಮಂಚದ ಕಾಲು ಬಾಗಿಲಿಗೆ ಬಡಿಯಬಾರದೆಂಬ ಚಿಂತೆ ಏಕೆ? ಆ ಮಂಚ ಅವರದಲ್ಲ, ಅದಕ್ಕೇ. ನಾಳೆ ಇನ್ನೊಬ್ಬ ಭಿಕ್ಖು ಬರುತ್ತಾನೆ, ಅದರ ಮೇಲೆ ಮಲಗುತ್ತಾನೆ. ನನ್ನದಲ್ಲ ಎಂದು ತಿಳಿದವನು ವಸ್ತುವನ್ನು ತಾತ್ಸಾರ ಮಾಡುವುದಿಲ್ಲ, ಹೆಚ್ಚು ಜೋಪಾನ ಮಾಡುತ್ತಾನೆ. ಫೋನಿನ ಉಪದೇಶದಲ್ಲಿ ಇಲ್ಲದಿರುವುದು ಇದೇ. ಅಲ್ಲಿ ವಸ್ತು ನನ್ನದು, ನನಗೆ ಬೇಡವಾಯಿತು, ಆದ್ದರಿಂದ ಅದರ ಕಥೆ ಮುಗಿಯಿತು.

ಕಥೆ ಮುಗಿಯುವುದಿಲ್ಲ ಎಂದು ಭಂತೆ ಆನಂದರು ಒಬ್ಬ ರಾಜನಿಗೆ ಹೇಳಿದ ಪ್ರಸಂಗ ಅದೇ ಚುಲ್ಲವಗ್ಗದಲ್ಲಿದೆ. ಕೋಸಂಬಿಯ ಉದೇನ ರಾಜನ ರಾಣಿವಾಸದವರು ಆನಂದರಿಗೆ 500 ಚೀವರಗಳನ್ನು ದಾನ ಮಾಡಿದರು. ರಾಜನಿಗೆ ಸಿಟ್ಟು ಬಂತು. ಇಷ್ಟು ಬಟ್ಟೆ ಇಟ್ಟುಕೊಂಡು ಈ ಶ್ರಮಣ ಅಂಗಡಿ ತೆರೆಯುತ್ತಾನೇನು ಎಂದುಕೊಂಡ. ನೇರ ಬಂದು ಕೇಳಿದ. ಆನಂದರು ಹೇಳಿದರು: ಚೀವರ ಜೀರ್ಣವಾದ ಭಿಕ್ಖುಗಳಿಗೆ ಹಂಚುತ್ತೇವೆ. ಹಳೆಯ ಚೀವರ ಏನಾಗುತ್ತದೆ? ಹಾಸಿಗೆಯ ಮೇಲುಹಾಸು. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು ನೆಲದ ಹಾಸು, ಹಳೆಯ ನೆಲಹಾಸು ಕಾಲೊರಸು, ಹಳೆಯ ಕಾಲೊರಸು ಧೂಳು ಒರೆಸುವ ಅರಿವೆ. ಅದೂ ಚಿಂದಿಯಾದರೆ ಮಣ್ಣಿನಲ್ಲಿ ಕುಟ್ಟಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಸಂತೋಷಪಟ್ಟು ತಾನೂ 500 ಬಟ್ಟೆ ಕೊಟ್ಟ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಕೌದಿ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹುಟ್ಟಿದ ಸೀರೆ ಹಬ್ಬಕ್ಕೆ ಉಟ್ಟು, ಆಮೇಲೆ ಮನೆಯಲ್ಲಿ ಉಟ್ಟು, ಹೊಲಕ್ಕೆ ಉಟ್ಟು, ಸವೆದ ಮೇಲೆ ಕೌದಿಯ ಪದರವಾಗುತ್ತದೆ. ಹರಿದ ಧೋತರ, ಮಗುವಿನ ಅಂಗಿ ಅದರ ಜೊತೆ ಸೇರುತ್ತವೆ. ಕೌದಿ ಹರಿದರೆ ಎತ್ತಿನ ಮೈಮೇಲೆ ಹೊದಿಕೆ, ಅದೂ ಹರಿದರೆ ಒಲೆಯ ಮುಂದಿನ ಮಸಿ ಅರಿವೆ. ಅಕ್ಷರ ಬಾರದ ನಮ್ಮ ಅಜ್ಜಿಯರು ಆನಂದರ ಉತ್ತರವನ್ನು ಸೂಜಿಯಲ್ಲಿ ಬರೆಯುತ್ತಿದ್ದರು. ಅವರಿಗೆ ವಸ್ತು ಬಿಡುವುದು ಗೊತ್ತಿತ್ತು. ಬಿಡುವುದೆಂದರೆ ಅದನ್ನು ಮುಂದಿನ ಕೆಲಸಕ್ಕೆ ಕಳುಹಿಸುವುದು.

ಈಗ ಇನ್ನೊಂದು ಕಡೆ ನೋಡೋಣ. ಎಲ್ಲವನ್ನೂ ಹಿಡಿದಿಟ್ಟುಕೊಂಡವರನ್ನು ನಾವು ಆಸೆಬುರುಕರು ಎಂದುಬಿಡುತ್ತೇವೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಮಳೆ ಬಿದ್ದದ್ದು ಸಹ್ಯಾದ್ರಿಯಲ್ಲಿ, ಮನೆ ಮುಳುಗಿದ್ದು ಇಲ್ಲಿ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ನಾನು ಪಾಠ ಹೇಳಿದ ಒಬ್ಬ ಹುಡುಗನ ಅಜ್ಜಿ ಘಟಪ್ರಭೆಯ ದಂಡೆಯ ಹಳ್ಳಿಯವರು. ಆ ನೆರೆಯಲ್ಲಿ ಜೋಳದ ಚೀಲ, ಹಾಸಿಗೆ, ಪೆಟ್ಟಿಗೆ ಎಲ್ಲ ಹೋಯಿತು. ಈಗ ಅವರು ಒಂದು ತುಂಡು ಹಗ್ಗವನ್ನೂ, ಖಾಲಿ ಡಬ್ಬಿಯನ್ನೂ ಬಿಸಾಡುವುದಿಲ್ಲ. ಹೊಲದ ಉತಾರ, ರೇಷನ್ ಕಾರ್ಡು, ಪಾಸ್‌ಬುಕ್ಕು, ಹಳೆಯ ಕರೆಂಟ್ ಬಿಲ್ಲುಗಳವರೆಗೆ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜಂತಿಗೆ ಕಟ್ಟಿದ್ದಾರೆ. ಇಷ್ಟೆಲ್ಲ ಏಕೆ ಎಂದು ಕೇಳಿದಾಗ ನಕ್ಕು ಹೇಳಿದರು: "ನಿಮಗ ಬೇಕಂದ್ರ ಅಂಗಡಿ ಐತ್ರಿ ಅಕ್ಕೋರ, ನಮಗ ಈ ಗಂಟ ಐತಿ."

ಈ ಮಾತಿನ ಮುಂದೆ ಒಂದು ವರ್ಷದ ಲೆಕ್ಕ ನಿಲ್ಲುವುದಿಲ್ಲ. ಮತ್ತೆ ಕೊಳ್ಳಬಲ್ಲವರಿಗೆ ಎಸೆಯುವುದು ಸುಲಭ. ಕಪಾಟು ಖಾಲಿ ಮಾಡಿ, ಹಗುರಾದೆ ಎಂದು ಹೇಳಿ, ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಅದೇ ಕಪಾಟನ್ನು ತುಂಬಿಸುವವರ ಮನೆಯಲ್ಲಿ ತಣ್ಹಾ, ಅಂದರೆ ತೃಷ್ಣೆ, ಕಡಿಮೆಯಾಯಿತೇ? ಅದಕ್ಕೆ ಜಾಗ ಮಾಡಿಕೊಟ್ಟಂತಾಯಿತು, ಅಷ್ಟೇ. ಆ ಅಜ್ಜಿಯ ಗಂಟಿನಲ್ಲಿ ಇರುವುದು ಆಸೆಗಿಂತ ಹೆಚ್ಚಾಗಿ ಅನುಭವ. ವಸ್ತುಗಳನ್ನು ಎಣಿಸಿ ಅಂಟು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ.

ಹಾಗಾದರೆ ಇಟ್ಟುಕೊಳ್ಳುವುದೇ ಸರಿಯೇ? ಅದೂ ಅಲ್ಲ. ಇಲ್ಲಿ ಥಂಡಿ ನಮಗೆ ಪಾಠ ಹೇಳುತ್ತದೆ. ಅದು ದಿನಾ ಉಡುವ ಸೀರೆಯನ್ನು ಮುಟ್ಟುವುದಿಲ್ಲ, ಮಗಳ ಮದುವೆಗೆಂದು ಹದಿನೈದು ವರ್ಷ ಟ್ರಂಕಿನಲ್ಲಿಟ್ಟ ಸೀರೆಯ ಮಡಿಕೆಯಲ್ಲಿ ಬೂಷ್ಟು ಹಿಡಿಸುತ್ತದೆ. ಓದುವ ಪುಸ್ತಕವನ್ನು ಬಿಟ್ಟು, ಗೋಡೆಗೆ ಒತ್ತಿಟ್ಟ ಪುಸ್ತಕವನ್ನು ಹುಳಕ್ಕೆ ಕೊಡುತ್ತದೆ. ಗಾಳಿ, ಬೆಳಕು, ಕೈ ಸೋಕದ ಯಾವುದೂ ಮಳೆಗಾಲದಲ್ಲಿ ಉಳಿಯುವುದಿಲ್ಲ.

ಮುಧೋಳದ ನೆಲದವರಿಗೆ ಇದಕ್ಕೊಂದು ದೊಡ್ಡ ಉದಾಹರಣೆ ಹತ್ತಿರದಲ್ಲೇ ಇದೆ. ಇಂದಿನ ರನ್ನಬೆಳಗಲಿಯಲ್ಲಿ ಹುಟ್ಟಿದ, ಬಳೆಗಾರರ ಮನೆಯ ಕವಿ ರನ್ನ 993ರಲ್ಲಿ ಅಜಿತಪುರಾಣ ಬರೆದ. ಬರೆಸಿದವಳು ಅತ್ತಿಮಬ್ಬೆ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡ ಓದಿದ ಎಲ್ಲರಿಗೂ ಗೊತ್ತು. ತಾಳೆಗರಿಗೆ ಥಂಡಿಯೂ ಹುಳವೂ ಶತ್ರು. ಒಂದೇ ಪ್ರತಿಯನ್ನು ರೇಷ್ಮೆಯಲ್ಲಿ ಸುತ್ತಿ ಇಟ್ಟಿದ್ದರೆ ಅದರ ಗತಿ ಏನಾಗುತ್ತಿತ್ತೋ! ಶಾಂತಿಪುರಾಣ ಇಂದು ನಮಗೆ ಸಿಗುತ್ತದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಸಿಕ್ಕಿಲ್ಲ. ರನ್ನನದೇ ಪರಶುರಾಮಚರಿತವೂ ಸಿಕ್ಕಿಲ್ಲ. ಪ್ರತಿ ಮಾಡಿಸಿದ್ದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಉಳಿಸಬೇಕೆಂದವಳು ಮಾಡಿದ್ದು ಬಚ್ಚಿಡುವ ಕೆಲಸವಲ್ಲ, ಹಂಚುವ ಕೆಲಸ.

ಹಂಚುವುದಕ್ಕೂ ಒಂದು ನಿಯಮ ಬೇಕು. ನೆರೆಯ ಕಾಲದಲ್ಲಿ ಶಾಲೆಗಳೇ ಕಾಳಜಿ ಕೇಂದ್ರಗಳಾದವು. ಒಳ್ಳೆಯ ಮನಸ್ಸಿನಿಂದ ಬಂದ ರೊಟ್ಟಿ, ಹೊಸ ಚಾದರ ನೋಡಿ ಕಣ್ಣು ತುಂಬಿ ಬಂದದ್ದುಂಟು. ಜೊತೆಗೆ ಗುಂಡಿ ಇಲ್ಲದ ಅಂಗಿ, ಜೋಡಿ ಇಲ್ಲದ ಚಪ್ಪಲಿ, ಬೂಷ್ಟು ನಾತ ಹೊಡೆಯುವ ಸ್ವೆಟರುಗಳ ಮೂಟೆಗಳನ್ನೂ ಕಂಡಿದ್ದೇನೆ. ಮೊದಲೇ ಕೆಸರು ತುಂಬಿದ ಮನೆಯವರು ಅವನ್ನು ಆರಿಸಿ, ಬೇರೆ ಮಾಡಿ, ಸುಡುವ ಕೆಲಸವನ್ನೂ ಮಾಡಬೇಕಾಯಿತು. ತನ್ನ ಅಟ್ಟ ಖಾಲಿಯಾಗಲಿ ಎಂದು ಕೊಟ್ಟದ್ದು ದಾನವಾಗುವುದಿಲ್ಲ. ಪಡೆಯುವವರ ಮುಖ ನೆನೆದು, ಒಗೆದು, ಹೊಲಿದು, ಮಡಿಚಿ ಕೊಟ್ಟ ಹಳೆಯ ಅಂಗಿ ದಾನ.

ಇನ್ನು ಯಾರಿಗೂ ಕೊಡಲಾಗದ್ದು ಉಳಿಯುತ್ತದಲ್ಲ? ಅದನ್ನು ಎಸೆಯಲೇಬೇಕು. ಆದರೆ ಹೊರಗೆ ಎಂಬ ಹೆಸರಿನ ಊರು ಎಲ್ಲೂ ಇಲ್ಲ. ನಾವು ಎಸೆದದ್ದು ಬೆಳಿಗ್ಗೆ ಐದಕ್ಕೆ ಎದ್ದು ಬರುವ ಪೌರಕಾರ್ಮಿಕರ ಕೈಗೆ ಹೋಗುತ್ತದೆ. ಒಡೆದ ಗಾಜನ್ನು ಹಸಿ ಕಸದಲ್ಲಿ ಸೇರಿಸಿದರೆ ಆ ಕೈ ಕೊಯ್ದುಕೊಳ್ಳುತ್ತದೆ. ಊರನ್ನು ಶುಚಿ ಮಾಡಿದವರನ್ನೇ ಈ ದೇಶ ಎಷ್ಟು ತಲೆಮಾರು ಅಶುಚಿ ಎಂದು ದೂರ ಇಟ್ಟಿತು ಎಂಬುದನ್ನು ನಮ್ಮ ಬಳಗಕ್ಕೆ ಬಿಡಿಸಿ ಹೇಳಬೇಕಿಲ್ಲ. ಒಣಗಿದ ಹೂ ಗುಡಿಸುತ್ತಿದ್ದ ಸುನೀತನನ್ನು ಬುದ್ಧ ಸಂಘಕ್ಕೆ ಕರೆದುಕೊಂಡ. ನಾವು ಕನಿಷ್ಠ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಬಹುದು. ಮನೆಯೊಳಗೂ ಅಷ್ಟೇ. ಗಂಡಸರು ತ್ಯಾಗದ ಮಾತು ಫಾರ್ವರ್ಡ್ ಮಾಡುತ್ತ ಕೂತು, ನೀರುಂಡ ಕೌದಿಯ ಭಾರವನ್ನು ಹೆಂಗಸರು ಒಬ್ಬರೇ ಹಿಂಡುವುದಾದರೆ ಆ ಮನೆ ಪೂರ್ತಿ ಶುಚಿಯಾಯಿತು ಎನ್ನಲಾಗದು.

ಕೊನೆಯದಾಗಿ ಒಂದು ಪ್ರಶ್ನೆ. ಎಲ್ಲವೂ ಅನಿತ್ಯ, ಮುಂದಿನ ಮಳೆಗಾಲಕ್ಕೆ ಬೂಷ್ಟು ಮತ್ತೆ ಬರುತ್ತದೆ, ಇಷ್ಟೊಂದು ಏಕೆ ತಿಕ್ಕಬೇಕು? ಉತ್ತರ ಬೀಳಗಿ ಕಡೆಯ ಹಳ್ಳಿಗಳಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಅಲ್ಲಿಯ ಎಷ್ಟೋ ಊರುಗಳು ಹೋದವು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಇನ್ನಷ್ಟು ಊರುಗಳು ತಮ್ಮ ಸರದಿ ಕಾಯುತ್ತಿವೆ. ಇಂದಲ್ಲ ನಾಳೆ ನೀರಿಗೆ ಹೋಗುವ ಗೋಡೆ ಎಂದು ಗೊತ್ತಿದ್ದೂ ಅಲ್ಲಿಯ ತಾಯಂದಿರು ಮಹಾನವಮಿಗೆ ಸುಣ್ಣ ಬಳಿಯುತ್ತಾರೆ. ಅದು ಮೋಹವೆಂದು ನನಗೆ ಅನ್ನಿಸುವುದಿಲ್ಲ. ಮನೆ ಎಷ್ಟು ವರ್ಷ ಇರುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ಇರುವಷ್ಟು ದಿನ ಅದರೊಳಗೆ ಮಲಗುವ ಮಗುವಿಗೆ ಕೆಮ್ಮು ಬರದಂತೆ ನೋಡಿಕೊಳ್ಳುವುದು ಅವರ ಕೈಯಲ್ಲಿದೆ. ಅನಿತ್ಯವನ್ನು ತಿಳಿದು ಬದುಕುವುದೆಂದರೆ ಇದೇ ಇರಬೇಕು.

ಈ ಭಾನುವಾರ ಟ್ರಂಕು ತೆರೆಯುವವರಿಗೆ ನಾಲ್ಕು ಮಾತು. ಬಟ್ಟೆಯನ್ನು ಪೂರ್ತಿ ಒಣಗಿಸಿಯೇ ಮಡಿಚಿರಿ. ಬೇವಿನ ಎಲೆ ಇಡುವುದಾದರೆ ನೆರಳಲ್ಲಿ ಒಣಗಿಸಿದ್ದನ್ನು ಇಡಿ, ಹಸಿ ಎಲೆ ತಾನೇ ಬೂಷ್ಟು ತರುತ್ತದೆ. ಟ್ರಂಕನ್ನೂ ಪುಸ್ತಕದ ಕಪಾಟನ್ನೂ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಹಳೆಯ ಗೋಡೆಗೆ ಸುಣ್ಣವೇ ಒಳ್ಳೆಯದು, ಅದರ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು.

ಒಂದೊಂದು ವಸ್ತುವನ್ನು ಕೈಯಲ್ಲಿ ಹಿಡಿದಾಗ ಇದು ನನಗೆ ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳುವುದು ಬೇಡ. ಇದಕ್ಕೆ ಇನ್ನೂ ಯಾವ ಕೆಲಸ ಉಳಿದಿದೆ, ಅದು ಯಾರ ಮನೆಯಲ್ಲಿ, ಅಲ್ಲಿಗೆ ಹೋಗುವಂತೆ ನಾನು ಇದನ್ನು ಸಿದ್ಧ ಮಾಡಿದ್ದೇನೆಯೇ ಎಂದು ಕೇಳಿಕೊಳ್ಳೋಣ. ಗಂಟು ಬಿಚ್ಚಲು ಹೆದರುವ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ತಿಳಿಯದಂತೆ ಏನನ್ನೂ ಹೊರಗೆ ಹಾಕಬೇಡಿ. ಪಕ್ಕದಲ್ಲಿ ಕುಳಿತು, ಗಂಟನ್ನು ಜೊತೆಗೇ ಬಿಸಿಲಿಗೆ ಬಿಚ್ಚಿ.

ಎಲ್ಲರಿಗೂ ಮಂಗಳವಾಗಲಿ.