ಆ ಅಕ್ಕ ಏನ್ ತಪ್ಪು ಮಾಡ್ಯಾಳ?

ಭಾನುವಾರ ಚರ್ಚ್ ಮುಗಿಸಿ ನಾಲ್ಕೂ ಜನ ಒಂದೇ ಬೈಕಿನಲ್ಲಿ ಮನೆಗೆ ಬರ್ತಿದ್ವಿ. ಮಗ ಟ್ಯಾಂಕ್ ಮೇಲೆ, ಮಗಳು ನಮ್ಮಿಬ್ಬರ ಮಧ್ಯೆ. ಬಳ್ಳಾರಿಯ ಒಂದು ಸರ್ಕಲ್‌ನಲ್ಲಿ ಸಿಗ್ನಲ್ ಬಿತ್ತು. ಎದುರಿಗೆ ಎರಡಂತಸ್ತಿನಷ್ಟು ಎತ್ತರದ ಹೋರ್ಡಿಂಗ್. ಜೀನ್ಸ್ ಪ್ಯಾಂಟಿನ ಜಾಹೀರಾತು. ಅದರಲ್ಲಿದ್ದ ಹುಡುಗಿ ಪ್ಯಾಂಟ್ ಬಿಟ್ಟು ಬೇರೇನೂ ಹಾಕಿಕೊಂಡಿರಲಿಲ್ಲ. ಬೆನ್ನು ತಿರುಗಿಸಿ, ತಲೆ ಮಾತ್ರ ಇತ್ತ ಹೊರಳಿಸಿ ನಮ್ಮನ್ನೇ ನೋಡ್ತಿದ್ದಳು.

ಹಿಂದಿನಿಂದ ನನ್ನ ಹೆಂಡತಿಯ ಕೈ ಬಂದು ಮಗಳ ಕಣ್ಣು ಮುಚ್ಚಿತು. ಮಗಳಿಗೆ ಏಳು ವರ್ಷ. ಗ್ರೀನ್ ಬಿದ್ದು ನಾವು ಮುಂದೆ ಬಂದ ಮೇಲೆ ಕೇಳಿದಳು: "ಅಪ್ಪಾ, ಆ ಅಕ್ಕ ಏನ್ ತಪ್ಪು ಮಾಡ್ಯಾಳ?"

ಹೆಲ್ಮೆಟ್ ಒಳಗೆ ನಾನು ಕೇಳಿಸದವನಂತೆ ಇದ್ದುಬಿಟ್ಟೆ. ಆದರೆ ಆ ಪ್ರಶ್ನೆ ಮನೆವರೆಗೂ ಬಂತು, ಊಟಕ್ಕೂ ಕೂತಿತು. ನಾವು ಕಣ್ಣು ಮುಚ್ಚಿದ್ದು ಮಗಳನ್ನು ಕಾಪಾಡೋಕೆ. ಅವಳು ಕಲಿತದ್ದು ಮಾತ್ರ ಬೇರೆ: ಅಲ್ಲಿ ನಿಂತವಳು ತಪ್ಪಿತಸ್ಥೆ.

ನಮ್ಮ ಮನೆಯಲ್ಲಿ ಈ ಸಮಸ್ಯೆ ಹೊಸದಲ್ಲ. ಮಗ ಎರಡು ವರ್ಷದ ಹಿಂದೆ ಕನ್ನಡ ಓದೋದು ಕಲಿತಾಗ ಕಂಡ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದ್ತಿದ್ದ. ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವಾಗ ಗೋಡೆ ಮೇಲಿನ ಸುಣ್ಣದ ಅಕ್ಷರ ಓದಿ, ಇಡೀ ಬಸ್ಸಿಗೆ ಕೇಳೋ ಹಾಗೆ, "ಅಪ್ಪಾ, ಗುಪ್ತರೋಗ ಅಂದ್ರೇನು?" ಅಂದ. ಹಿಂದಿನ ಸೀಟಿನವರು ನಕ್ಕರು. ಕುರುಗೋಡಿನಲ್ಲಿ ಅತ್ತೆ ಮನೆ ಹತ್ತಿರದ ಕಟಿಂಗ್ ಶಾಪಿಗೆ ಕರೆದುಕೊಂಡು ಹೋದರೆ ಕನ್ನಡಿ ಸುತ್ತ ತೆಲುಗು ಸಿನಿಮಾದ ಹೀರೋಯಿನ್‌ಗಳು. ಕತ್ತರಿ ಆಡೋವಾಗ ತಲೆ ಅಲ್ಲಾಡಿಸಬೇಡ ಅಂತ ನಾವೇ ಹೇಳಿರ್ತೀವಿ, ಇನ್ನು ಕಣ್ಣು ಬೇರೆಲ್ಲಿಗೆ ಹೋಗಬೇಕು?

ನಾನು ಸಾಫ್ಟ್‌ವೇರ್ ಕೆಲಸದವನು. ಮನೆ ವೈಫೈಗೆ ಫಿಲ್ಟರ್ ಹಾಕಿದ್ದೀನಿ, ಟ್ಯಾಬ್‌ಗೆ ಲಾಕ್ ಇದೆ. ಫೋನಿನಲ್ಲಿ ಬೇಡ ಅನ್ನೋಕೆ ಒಂದು ಬಟನ್ ಇರುತ್ತೆ. ರಸ್ತೆಗೆ ಅಂಥ ಬಟನ್ ಇಲ್ಲ. 'ಎ' ಸರ್ಟಿಫಿಕೇಟ್ ಸಿನಿಮಾ ಆದರೆ ಥಿಯೇಟರ್ ಗೇಟಿನಲ್ಲಿ ಮಗುವನ್ನು ತಡೀಬೇಕು. ಆದರೆ ಅದೇ ಸಿನಿಮಾದ ಪೋಸ್ಟರ್ ಗೇಟಿನ ಹೊರಗೆ, ಸ್ಕೂಲ್ ಆಟೋ ಹೋಗೋ ದಾರಿಯಲ್ಲೇ ನಿಂತಿರುತ್ತೆ. ಟಿಕೆಟ್ ತಗೊಂಡು ನೋಡೋದು ಬೇರೆ, ದಾರಿಯಲ್ಲಿ ಹೋಗೋ ತಪ್ಪಿಗೆ ನೋಡಬೇಕಾಗೋದು ಬೇರೆ. ನನ್ನ ತಕರಾರು ಎರಡನೇದರ ಬಗ್ಗೆ.

ಇದನ್ನ ಆಫೀಸಿನ ಗೆಳೆಯನೊಬ್ಬನ ಹತ್ತಿರ ಹೇಳಿದೆ. ಅವನು ನಕ್ಕ. "ನಿಮ್ಮ ಸಂಡೇ ಸ್ಕೂಲ್ ರೂಲ್ಸು ಇಡೀ ಊರಿಗೆ ಹಾಕಬೇಕಾ? ಇವತ್ತು ಹೋರ್ಡಿಂಗ್ ಅಂತೀಯ. ಹಂಪಿ ವಿರೂಪಾಕ್ಷ ಗುಡಿ ಗೋಪುರದಲ್ಲೂ ಮಿಥುನ ಶಿಲ್ಪ ಇದಾವೆ, ನಾಳೆ ಅದಕ್ಕೂ ಬಟ್ಟೆ ಹೊದಿಸ್ತೀಯಾ? ಆಮೇಲೆ ಹುಡುಗಿಯರು ಏನು ಹಾಕ್ಕೋಬೇಕು ಅಂತಲೂ ನೀವೇ ಹೇಳ್ತೀರಿ."

ಈ ಮಾತನ್ನ ಸುಲಭಕ್ಕೆ ತಳ್ಳಿಹಾಕೋಕೆ ಆಗಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನ ಹೊಡೆದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದ್ದರು. ಅದಕ್ಕೂ ಕೆಲವೇ ತಿಂಗಳ ಮುಂಚೆ, 2008ರ ಸೆಪ್ಟೆಂಬರಿನಲ್ಲಿ, ಅದೇ ಕರಾವಳಿಯಲ್ಲಿ ಚರ್ಚುಗಳ ಮೇಲೆ ದಾಳಿ ಆಗಿತ್ತು. ಬೀದಿಯಲ್ಲಿ ಯಾವುದು ಕಾಣಬೇಕು, ಯಾವುದು ಕಾಣಬಾರದು ಅಂತ ಆರಿಸೋ ಕತ್ತರಿಯನ್ನ ಒಬ್ಬರ ಕೈಗೆ ಕೊಟ್ಟರೆ, ಅದು ಪೋಸ್ಟರಿಗೇ ನಿಲ್ಲುತ್ತೆ ಅಂತ ನಂಬೋಕೆ ನನ್ನಂಥವನಿಗೆ ಧೈರ್ಯ ಇಲ್ಲ. ಗೋಪುರದ ಮೇಲಿನ ಶಿಲುಬೆಯೂ ಯಾರದೋ ಕಣ್ಣಿಗೆ ಚುಚ್ಚಬಹುದು.

ಹಾಗಾದರೆ ಬೈಬಲ್ ಏನು ಹೇಳುತ್ತೆ ಅಂತ ನೋಡಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಬೈಬಲನ್ನ ಕನ್ನಡಕ್ಕೆ ತಂದದ್ದು ಇದೇ ಊರಿನಲ್ಲಿ ಕೂತು. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಕೆಟ್ಟ ನೋಟದ ಬಗ್ಗೆ ತುಂಬ ಕಟುವಾಗಿ ಮಾತಾಡ್ತಾನೆ. ಚಿಕ್ಕಂದಿನಿಂದ ಕೇಳಿದ ಭಾಗವೇ. ಆದರೆ ಈ ಸಲ ಓದಿದಾಗ ಒಂದು ವಿಷಯ ಹೊಸದಾಗಿ ಕಾಣಿಸ್ತು. ಅವನು ಹೆಣ್ಣಿಗೆ ಮುಸುಕು ಹಾಕು ಅನ್ನೋದಿಲ್ಲ. ತಪ್ಪನ್ನ ನೋಡೋವನ ಮೇಲೆ ಹೊರಿಸ್ತಾನೆ, ನಿನ್ನ ಕಣ್ಣನ್ನ ನೀನೇ ಕಿತ್ತು ಹಾಕು ಅನ್ನೋವರೆಗೂ ಹೋಗ್ತಾನೆ. ಅಲ್ಲಿಗೆ ನನ್ನ ಅರ್ಧ ಸಿಟ್ಟು ದಾರಿ ತಪ್ಪಿತ್ತು ಅಂತ ಒಪ್ಪಿಕೊಂಡೆ. ಆದರೂ ಏಳು ವರ್ಷದ ಮಗುವಿಗೆ ಆ ಲೆಕ್ಕ ಹಾಕೋಕೆ ಬರಲ್ಲ. ಹತ್ತು ವರ್ಷದ ಹುಡುಗನ ಕಣ್ಣನ್ನ ಅಂಥ ನೋಟಕ್ಕೆ ಪಳಗಿಸ್ತಾ ಇರೋರಿಗೆ ಜವಾಬ್ದಾರಿ ಇಲ್ವಾ?

ನನಗೆ ಉತ್ತರ ಸಿಕ್ಕಿದ್ದು ಊರಿನ ನೆನಪಿನಲ್ಲಿ. ನಾನು ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಹಳ್ಳಿ, ತುಂಗಭದ್ರಾ ನೀರಿನ ಭತ್ತದ ಸೀಮೆ. ನಮ್ಮ ಓಣಿಯಲ್ಲಿ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಒಬ್ಬ ಅಮ್ಮ ಇದ್ದಳು. ಸರ್ಕಾರ ದೇವದಾಸಿ ಸಮರ್ಪಣೆಯನ್ನ ನಿಷೇಧಿಸೋ ಕಾಯ್ದೆ ಮಾಡಿದ್ದು 1982ರಲ್ಲಿ. ಅವಳ ಪಾಲಿಗೆ ಅದು ತಡವಾಗಿತ್ತು. ಅವಳ ತಲೆ ಮೇಲಿನ ಸೆರಗು ಜಾರಿದ್ದನ್ನ ನಾನು ಒಮ್ಮೆಯೂ ನೋಡಿಲ್ಲ. ಆದರೆ ಅವಳು ನೀರಿಗೆ ಹೋಗುವಾಗ ಕಟ್ಟೆ ಮೇಲಿನ ಗಂಡಸರು ನೋಡೋ ರೀತಿ ಮಾತ್ರ ಇವತ್ತಿಗೂ ನೆನಪಿದೆ. ಅದು ಸಂತೆಯಲ್ಲಿ ದನ ನೋಡೋ ನೋಟ. ಇನ್ನೊಂದು ಕಡೆ, ನಾಟಿ ಸಮಯದಲ್ಲಿ ಹೆಂಗಸರು ಮೊಣಕಾಲ ಮೇಲಕ್ಕೆ ಸೀರೆ ಕಟ್ಟಿ ಕೆಸರಿನಲ್ಲಿ ನಿಲ್ತಿದ್ದರು. ಅದನ್ನ ನೋಡಬೇಡ ಅಂತ ನಮ್ಮವ್ವ ಯಾವತ್ತೂ ನನ್ನ ಕಣ್ಣು ಮುಚ್ಚಲಿಲ್ಲ.

ಎಷ್ಟು ಮೈ ಕಾಣ್ತದೆ ಅನ್ನೋದು ಪ್ರಶ್ನೆನೇ ಅಲ್ಲ. ಒಬ್ಬ ಮನುಷ್ಯಳನ್ನ ಸರಕು ಅಂತ ನೋಡೋಕೆ ಕಲಿಸ್ತಾ ಇದೀವಾ ಅನ್ನೋದು ಪ್ರಶ್ನೆ. ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹತ್ತಿರದ ಮಾತನ್ನೇ ಹೇಳಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನ ಸಂಗಾತಿಯ ಬೆತ್ತಲೆ ಫೋಟೋ ವರ್ಣಭೇದದ ವಿರುದ್ಧ ತೆಗೆಸಿದ್ದು. ಬೆತ್ತಲೆ ಇದ್ದ ಮಾತ್ರಕ್ಕೆ ಅದು ಅಶ್ಲೀಲ ಆಗಲ್ಲ, ಸಂದರ್ಭ ನೋಡಬೇಕು ಅಂತ ಕೋರ್ಟ್ ಹೇಳಿತು.

ಕಾನೂನುಗಳು ಇಲ್ಲ ಅಂತಲ್ಲ. ಹೆಣ್ಣನ್ನ ಅಸಭ್ಯವಾಗಿ ಚಿತ್ರಿಸೋದರ ವಿರುದ್ಧ 1986ರ ಕಾಯ್ದೆ ಇದೆ. ಆ ಗುಪ್ತರೋಗದ ಗೋಡೆಬರಹದಂಥವಕ್ಕೂ 1954ರ ಕಾಯ್ದೆ ಇದೆ. ಆದರೆ ನನಗೆ ಇಷ್ಟವಾದದ್ದು ಬ್ರೆಜಿಲ್‌ನ ಸಾವೋ ಪೌಲೋ ನಗರದ ದಾರಿ. 2007ರಿಂದ ಅಲ್ಲಿ ಹೋರ್ಡಿಂಗ್‌ಗಳನ್ನೇ ತೆಗೆಸಿದರು. ಸಭ್ಯವೋ ಅಸಭ್ಯವೋ ಅಂತ ಕೇಳಲಿಲ್ಲ. ನಮ್ಮ ಬೆಂಗಳೂರಿನಲ್ಲೂ 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆಯವರು ಅನಧಿಕೃತ ಫ್ಲೆಕ್ಸ್‌ಗಳನ್ನ ರಾಶಿ ರಾಶಿ ಕಿತ್ತಿದ್ದರು. ಹೀಗೆ ಮಾಡಿದರೆ ಕತ್ತರಿ ಯಾರ ಕೈಗೂ ಹೋಗಲ್ಲ, ರಸ್ತೆ ಎಲ್ಲರದ್ದಾಗಿ ಉಳಿಯುತ್ತೆ. ಗುಡಿಯ ಶಿಲ್ಪವೂ, ಚರ್ಚಿನ ಶಿಲುಬೆಯೂ, ಹುಡುಗಿಯರ ಬಟ್ಟೆಯೂ ಅವುಗಳ ಪಾಡಿಗೆ ಇರ್ತಾವೆ.

ಅಲ್ಲಿವರೆಗೆ? ಧೈರ್ಯ ಮಾಡಿ ಆ ಅಂಗಡಿಗೆ ಹೋದೆ. ಮಾಲೀಕರು ಬೈಯಲಿಲ್ಲ, ಚಹಾ ತರಿಸಿದರು. "ಕಂಪನಿಯೋರು ಕಳಸಿದ್ದು ಹಾಕೀವ್ರಿ ಸರ. ನಮ್ಮನಿಯಾಗೂ ಹೆಣ್ಮಕ್ಳು ಅದಾವು. ಹೇಳಿ ನೋಡ್ತೀನಿ" ಅಂದರು. ಎರಡು ತಿಂಗಳಾಯ್ತು, ಬೋರ್ಡ್ ಅಲ್ಲೇ ಇದೆ.

ನಮ್ಮ ಚಿಕ್ಕಮ್ಮ ಬಳ್ಳಾರಿಯ ಒಂದು ಸಣ್ಣ ಯೂನಿಟ್‌ನಲ್ಲಿ ಜೀನ್ಸ್ ಹೊಲೀತಾಳೆ, ಪೀಸಿಗಿಷ್ಟು ಅಂತ ಕೂಲಿ. ಅವಳಿಗೆ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ಮೊದಲು ಹೊಲಿಗೆ ನೋಡಿದಳು. ಆಮೇಲೆ, "ಪಾಪ, ಅಕಿ ಮೈಗೂ ಕೂಲಿ, ನನ್ನ ಕೈಗೂ ಕೂಲಿ ತಮ್ಮಾ. ರೊಕ್ಕ ಎಣಿಸೋನು ಫೋಟೋದಾಗ ಇಲ್ಲ ನೋಡು" ಅಂದಳು. ಮಗಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ಅದನ್ನೇ ಮಕ್ಕಳಿಬ್ಬರಿಗೂ ಹೇಳಿದೆ. ಆ ಅಕ್ಕ ತಪ್ಪೇನೂ ಮಾಡಿಲ್ಲ, ಅವಳದ್ದು ಕೆಲಸ. ಪ್ಯಾಂಟ್ ಮಾರೋಕೆ ಅವಳನ್ನ ಹಾಗೆ ನಿಲ್ಲಿಸಿದವರದ್ದು ಸರಿಯಲ್ಲ. ಅಂಥ ಚಿತ್ರ ಕಂಡರೆ ಅವಳಿಗೂ ಒಂದು ಹೆಸರಿದೆ, ಮನೆ ಇದೆ ಅಂತ ನೆನಪಿಟ್ಕೊಳ್ಳಿ ಅಂದೆ. ಮಗಳು "ಹೆಸರೇನು?" ಅಂದಳು. ಮಗ ಏನೂ ಅನ್ನದೆ ಉಗುರು ಕಚ್ಚುತ್ತಾ ಕೂತಿದ್ದ. ನನ್ನ ಮಾತು ಹೆಚ್ಚು ಬೇಕಾಗಿದ್ದು ಅವನಿಗೇ ಅಂತ ಅನ್ನಿಸ್ತು. ಆ ದಿನ ಬೈಕಿನಲ್ಲಿ ಯಾರೂ ಅವನ ಕಣ್ಣು ಮುಚ್ಚಿರಲಿಲ್ಲ, ಮುಚ್ಚಬೇಕು ಅಂತ ನಮಗಿಬ್ಬರಿಗೂ ಹೊಳೆದೂ ಇರಲಿಲ್ಲ.

ರಾತ್ರಿ ಇವಳಿಗೆ, ಇನ್ನು ಮೇಲೆ ಕಣ್ಣು ಮುಚ್ಚೋದು ಬೇಡ, ಮಾತಾಡೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಿಮಗ ಅದು ವಿಚಾರ ಮಾಡೋ ವಿಷಯ. ನಾನು ಹದಿಮೂರು ವರ್ಷಕ್ಕ ಕುರುಗೋಡಿಂದ ಬಸ್ಸಿನ್ಯಾಗ ಶಾಲೆಗೆ ಹೋಗ್ತಿದ್ದೆ. ಆ ಪೋಸ್ಟರ್ ನೋಡಿದ ಕಣ್ಣೇ ಆಮೇಲೆ ನನ್ನ ನೋಡ್ತಿದ್ವು. ನಾಳೆ ನನ್ನ ಮಗಳೂ ಅದೇ ಬಸ್ ಹತ್ತಬೇಕು."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ಭಾನುವಾರ ಅದೇ ಸರ್ಕಲ್‌ನಲ್ಲಿ ಮತ್ತೆ ಸಿಗ್ನಲ್ ಬಿತ್ತು. ಕನ್ನಡಿಯಲ್ಲಿ ನೋಡಿದೆ. ಅವಳ ಕೈ ಮಗಳ ಹೆಗಲ ಮೇಲಿತ್ತು, ಕಣ್ಣಿನ ಮೇಲಲ್ಲ. ನಾನು ಮಗನ ಕಿವಿ ಹತ್ತಿರ ಬಗ್ಗಿ, ಚಿಕ್ಕಮ್ಮ ಹೇಳಿದ್ದು ನೆನಪಿದೆಯಾ ಅಂತ ಕೇಳಿದೆ. ತಲೆ ಆಡಿಸಿದ.